ಅಮರೋನೆ ದೆಲ್ಲಾ ವಾಲ್ಪೊಲಿಚೆಲ್ಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮರೋನೆ ಅಂದರೆ ಏನು? ಚಿಕ್ಕದಾಗಿ ಹೇಳಿ.

ಕೊಯ್ದ ಕಪ್ಪು ದ್ರಾಕ್ಷಿಯನ್ನು ಮೂರು ನಾಲ್ಕು ತಿಂಗಳು ಅಟ್ಟದಲ್ಲಿ ಗಾಳಿಗೆ ಬಾಡಿಸಿ, ಆಮೇಲೆ ಜಜ್ಜಿ ಹುದುಗಿಸಿ ಮಾಡುವ ಕೆಂಪು ವೈನ್. ಕುಡಿದರೆ ಸಿಹಿ ಇರಬಾರದು, ಆಲ್ಕೋಹಾಲ್ ಶೇ 14ಕ್ಕಿಂತ ಕಡಿಮೆ ಇರಬಾರದು. ಇಟಲಿಯ ಈಶಾನ್ಯದ ವೆನೆತೊ ಪ್ರಾಂತ್ಯದಲ್ಲಿ, ವೆರೋನಾ ನಗರದ ಉತ್ತರಕ್ಕೆ ಇರುವ ವಾಲ್ಪೊಲಿಚೆಲ್ಲಾ ಗುಡ್ಡಗಳಲ್ಲಿ ಬೆಳೆದು, ಅಲ್ಲೇ ಬಾಡಿಸಿ, ಅಲ್ಲೇ ವೈನ್ ಮಾಡಿದರೆ ಮಾತ್ರ ಆ ಹೆಸರು ಸಿಗುತ್ತದೆ.

ಈ ವೈನಿನ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಅಟ್ಟಕ್ಕೇ ಹೋಗಿ ನಿಲ್ಲುತ್ತವೆ. ಬೆಲೆ ಯಾಕೆ ಹೆಚ್ಚು, ಯಾಕೆ ಇಷ್ಟು ಖಡಕ್, ಕೆಲವು ಬಾಟಲಿಗಳಲ್ಲಿ ವಿನಿಗರ್ ವಾಸನೆ ಯಾಕೆ ಅಂತ ಕೇಳಿದರೆ ಉತ್ತರ ಅಲ್ಲಿಂದಲೇ ಶುರುವಾಗಬೇಕು.

ಹೆಸರಿನ ಅರ್ಥವೇನು? ಇದು ತಪ್ಪಿನಿಂದ ಹುಟ್ಟಿದ ವೈನ್ ಅಂತಾರಲ್ಲ, ನಿಜವಾ?

ಇಟಾಲಿಯನ್ನಲ್ಲಿ 'ಅಮಾರೊ' ಅಂದರೆ ಕಹಿ, 'ಅಮರೋನೆ' ಅಂದರೆ ದೊಡ್ಡ ಕಹಿ. ಅಮರೋನೆಗಿಂತ ಮುಂಚೆ ಆ ಗುಡ್ಡಗಳಲ್ಲಿ ಬಾಡಿಸಿದ ದ್ರಾಕ್ಷಿಯಿಂದ ರೆಚೋತೊ ಎಂಬ ಸಿಹಿ ವೈನ್ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಗೊಂಚಲಿನ ಮೇಲ್ಭಾಗದ ಎರಡು 'ಕಿವಿ'ಗಳಿಗೆ ಅಲ್ಲಿನ ಆಡುಮಾತಿನಲ್ಲಿ 'ರೆಚಿಯೆ' ಅನ್ನುತ್ತಾರೆ. ಬಿಸಿಲು ಹೆಚ್ಚು ತಾಗುವ ಆ ಕಿವಿಗಳನ್ನೇ ಆರಿಸಿ ಒಣಗಿಸುತ್ತಿದ್ದರಿಂದ ರೆಚೋತೊ ಎಂಬ ಹೆಸರು ಬಂತು. ಈ ಸಿಹಿ ವೈನಿನಲ್ಲಿ ಹುದುಗುವಿಕೆ ನಡುವೆಯೇ ನಿಲ್ಲಬೇಕು. ಯಾವುದಾದರೂ ಪೀಪಾಯಿಯಲ್ಲಿ ನಿಲ್ಲದೆ ಸಕ್ಕರೆಯೆಲ್ಲ ಖರ್ಚಾಗಿಬಿಟ್ಟರೆ ಅದು 'ಕೈ ತಪ್ಪಿ ಓಡಿಹೋದ ರೆಚೋತೊ'.

1936ರಲ್ಲಿ ಅಲ್ಲಿನ ಸಹಕಾರಿ ವೈನರಿಯ ಮೇಸ್ತ್ರಿ ಅದೆಲಿನೊ ಲುಕ್ಕೇಸೆ ಅಂಥದೊಂದು ಪೀಪಾಯಿ ರುಚಿ ನೋಡಿ 'ಇದು ಅಮಾರೊ ಅಲ್ಲ, ಅಮರೋನೆ' ಎಂದರೆಂದು ಊರಿನವರು ಹೇಳುತ್ತಾರೆ. ಮಾತು ನಿಜವೋ ಬಣ್ಣ ಕಟ್ಟಿದ್ದೋ, ವೈನ್ ಮಾತ್ರ ಪೂರ್ತಿ ತಪ್ಪಿನಿಂದ ಬಂದದ್ದಲ್ಲ. ಚಳಿಗಾಲದವರೆಗೆ ದ್ರಾಕ್ಷಿಯನ್ನು ಒಣಗಿಸಿ ಮಾಡುವ ವೆರೋನಾದ ವೈನನ್ನು 6ನೇ ಶತಮಾನದಲ್ಲೇ ರಾಜಮಂತ್ರಿ ಕಾಸ್ಸಿಯೊದೋರಸ್ ತನ್ನ ಪತ್ರದಲ್ಲಿ ಹೊಗಳಿದ್ದಾನೆ.

ಯಾವ ವರ್ಷದಿಂದ ಕಾನೂನಿನ ಮಾನ್ಯತೆ ಇದೆ?

ವಾಲ್ಪೊಲಿಚೆಲ್ಲಾಕ್ಕೆ ಡಿಒಸಿ ದರ್ಜೆ, ಅಂದರೆ ಎಲ್ಲಿ, ಹೇಗೆ ಮಾಡಬೇಕೆಂದು ನಿಯಮ ಕಟ್ಟಿ ಹೆಸರನ್ನು ಕಾಯುವ ಇಟಲಿಯ ಸರ್ಕಾರಿ ದರ್ಜೆ, ಬಂದದ್ದು 1968ರಲ್ಲಿ. ಅಮರೋನೆ ಮತ್ತು ರೆಚೋತೊ ಎರಡೂ ಮೇಲಿನ ಡಿಒಸಿಜಿ ದರ್ಜೆಗೆ ಏರಿದ್ದು 2010ರಲ್ಲಿ.

ಪ್ರದೇಶ ಎಲ್ಲಿಂದ ಎಲ್ಲಿಯವರೆಗೆ? 'ಕ್ಲಾಸಿಕೊ' ಅಂದರೆ ಉತ್ತಮ ದರ್ಜೆಯಾ?

ಗಾರ್ದಾ ಸರೋವರದ ಪೂರ್ವದಿಂದ ಶುರುವಾಗಿ, ಲೆಸ್ಸಿನಿಯಾ ಬೆಟ್ಟಗಳಿಂದ ವೆರೋನಾ ಬಯಲಿನ ಕಡೆಗೆ ಬೆರಳುಗಳಂತೆ ಇಳಿಯುವ ಕಣಿವೆಗಳ ಸಾಲು. ಪಶ್ಚಿಮದ ಐದು ಊರುಗಳ ಸೀಮೆ ಮಾತ್ರ ಕ್ಲಾಸಿಕೊ: ನೆಗ್ರಾರ್, ಮರಾನೊ, ಫುಮಾನೆ, ಸಾಂತ್ ಅಂಬ್ರೋಜೊ, ಸಾನ್ ಪಿಯೆತ್ರೊ ಇನ್ ಕರಿಯಾನೊ. ನಡುವಿನ ವಾಲ್ಪಾಂತೇನಾ ಕಣಿವೆಗೆ ಲೇಬಲ್ ಮೇಲೆ ತನ್ನ ಹೆಸರು ಹಾಕಿಕೊಳ್ಳುವ ಹಕ್ಕಿದೆ. ಅದರ ಪೂರ್ವಕ್ಕೆ ಮೆದ್ಜಾನೆ, ಇಲ್ಲಾಸಿ ಮೊದಲಾದ ಕಣಿವೆಗಳು ಬರುತ್ತವೆ.

ಕ್ಲಾಸಿಕೊ ಎಂಬುದು ದರ್ಜೆಯ ಮಾತಲ್ಲ, ಹಳೆಯ ಸೀಮೆಯ ಗುರುತು ಅಷ್ಟೆ. ಪೂರ್ವದ ಕಣಿವೆಗಳಿಂದ ಅದ್ಭುತ ಬಾಟಲಿಗಳು ಬರುತ್ತವೆ, ಕ್ಲಾಸಿಕೊ ಸೀಮೆಯಿಂದ ಸಪ್ಪೆಯವೂ ಬರುತ್ತವೆ. ನೋಡಬೇಕಾದದ್ದು ತೋಟ ಇಳಿಜಾರಿನಲ್ಲಿದೆಯೋ ಇಲ್ಲವೋ ಎಂಬುದನ್ನು. ಬಯಲಿನ, ಕಣಿವೆ ತಳದ ತೇವದ ಮಣ್ಣಿನ ತೋಟಗಳನ್ನು ನಿಯಮವೇ ಹೊರಗಿಟ್ಟಿದೆ. ಅಂಥ ಮಣ್ಣಿನಲ್ಲಿ ಕಾಯಿ ನೀರು ಕುಡಿದು ಊದುತ್ತದೆ, ಸಿಪ್ಪೆ ತೆಳುವಾಗುತ್ತದೆ, ಅಟ್ಟಕ್ಕೆ ಏರಿದ ವಾರದಲ್ಲೇ ಬೂಷ್ಟು ಹಿಡಿಯುತ್ತದೆ.

ಯಾವ ದ್ರಾಕ್ಷಿ ತಳಿಗಳು? ಎಷ್ಟೆಷ್ಟು?

ಒಂದೇ ತಳಿಯಿಂದ ಮಾಡುವ ವೈನ್ ಅಲ್ಲ ಇದು. ಬೆನ್ನೆಲುಬು ಕೊರ್ವಿನಾ, ಅದರ ಪಾಲು ಶೇ 45ರಿಂದ 95. ಆ ಪಾಲಿನೊಳಗೇ ಕೊರ್ವಿನೋನೆಗೂ ಜಾಗವಿದೆ. ರೊಂದಿನೆಲ್ಲಾ ಶೇ 5ರಿಂದ 30 ಇರಲೇಬೇಕು. ಉಳಿದ ಸಣ್ಣ ಪಾಲಿನಲ್ಲಿ ವೆರೋನಾ ಜಿಲ್ಲೆಯಲ್ಲಿ ಅನುಮತಿ ಇರುವ ಇತರ ಕೆಂಪು ತಳಿಗಳನ್ನು ಸೇರಿಸಬಹುದು.

ಕೊರ್ವಿನಾದ ಸಿಪ್ಪೆ ದಪ್ಪ, ಮೇಲೆ ಮೇಣದ ಪದರ. ತಿಂಗಳುಗಟ್ಟಲೆ ಒಣಗಿದರೂ ಕಾಯಿ ಒಡೆಯುವುದಿಲ್ಲ. ಚೆರ್ರಿ ಹಣ್ಣಿನ ಪರಿಮಳ ಇದರದ್ದೇ. ಕೊರ್ವಿನೋನೆಯನ್ನು ಬಹುಕಾಲ ಕೊರ್ವಿನಾದ ದಪ್ಪ ಕಾಯಿಯ ರೂಪ ಎಂದುಕೊಂಡಿದ್ದರು. ಬೇರೆಯೇ ತಳಿ ಎಂದು ಒಪ್ಪಿದ್ದು 1993ರಲ್ಲಿ. ಇದರ ತೊಂದರೆಯೆಂದರೆ ಒಂದೇ ಗೊಂಚಲಿನಲ್ಲಿ ಹಣ್ಣು, ದೋರೆಗಾಯಿ ಎರಡೂ ಇರುತ್ತವೆ, ಆರಿಸುವ ಕೆಲಸ ಹೆಚ್ಚು. ರೊಂದಿನೆಲ್ಲಾಕ್ಕೆ ದೊಡ್ಡ ಪರಿಮಳವಿಲ್ಲ, ಆದರೆ ರೋಗಕ್ಕೆ ಬಗ್ಗುವುದಿಲ್ಲ, ಒಣಗುವಾಗ ಕೊಳೆಯುವುದಿಲ್ಲ. ಮನೆಯಲ್ಲಿ ಸದ್ದಿಲ್ಲದೆ ದುಡಿಯುವ ಮಗನಿದ್ದ ಹಾಗೆ.

ಮೊಲಿನಾರಾ ಹಿಂದೆ ಕಡ್ಡಾಯವಾಗಿತ್ತು, ಈಗ ಇಲ್ಲ. ಬಣ್ಣ ತೆಳು, ಬೇಗ ಗಾಳಿ ಹಿಡಿದು ಹಳಸುತ್ತದೆ. ಓಸೆಲೆತಾ ಎಂಬ ಸಣ್ಣ ಕಾಯಿಯ ತಳಿ ಬಹುತೇಕ ಮರೆತೇಹೋಗಿತ್ತು. ಬಣ್ಣ ಮತ್ತು ಒಗರು ಬೇಕೆನ್ನುವವರು ಈಗ ಸ್ವಲ್ಪ ಸ್ವಲ್ಪ ಬೆರೆಸುತ್ತಾರೆ.

ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವುದು ಯಾಕೆ? ಸಾಲು ತಂತಿ ಸಾಲದೆ?

ಕೊರ್ವಿನಾದ ಕಡ್ಡಿಯಲ್ಲಿ ಬುಡದ ಮೊದಲ ಒಂದೆರಡು ಮೊಗ್ಗುಗಳು ಕಾಯಿ ಬಿಡುವುದಿಲ್ಲ. ಮೋಟಾಗಿ ಸವರಿದರೆ ಫಸಲೇ ಇಲ್ಲ, ಉದ್ದದ ಕಡ್ಡಿ ಬಿಡಬೇಕು. ಅದಕ್ಕೆ ವೆರೋನಾ ಚಪ್ಪರ ಸರಿಹೊಂದುತ್ತದೆ. ಗೊಂಚಲುಗಳು ಎಲೆಯ ನೆರಳಲ್ಲಿ ಬಿಡಿಬಿಡಿಯಾಗಿ ಜೋತುಬೀಳುತ್ತವೆ, ಬಿಸಿಲಿಗೆ ಸುಡುವುದಿಲ್ಲ, ಗಾಳಿಯಾಡುತ್ತದೆ. ಸಾಲು ತಂತಿಗೆ ಉದ್ದ ಕಡ್ಡಿ ಕಟ್ಟುವವರೂ ಬಹಳ ಮಂದಿ ಇದ್ದಾರೆ. ಹೊಸದಾಗಿ ನೆಡುವುದಾದರೆ ಹೆಕ್ಟೇರಿಗೆ ಕನಿಷ್ಠ 3,300 ಬಳ್ಳಿ ಇರಬೇಕು. ಇಳುವರಿ ಹೆಚ್ಚಿಸಲು ನೀರು ಕಟ್ಟುವಂತಿಲ್ಲ, ಬಳ್ಳಿ ಒಣಗಿಹೋಗುವ ಬರದಲ್ಲಿ ಮಾತ್ರ ಆಪತ್ಕಾಲದ ನೀರು.

ಒಂದು ಹೆಕ್ಟೇರಿಗೆ ಎಷ್ಟು ಬಾಟಲಿ ಬರುತ್ತದೆ? ಲೆಕ್ಕ ಕೊಡಿ.

ಮೂಲ ನಿಯಮದ ಪ್ರಕಾರ ಹೆಕ್ಟೇರಿಗೆ ಹೆಚ್ಚೆಂದರೆ 12 ಟನ್ ದ್ರಾಕ್ಷಿ. ಅದರಲ್ಲಿ ಒಣಗಲು ಹಾಕಬಹುದಾದದ್ದು ಗರಿಷ್ಠ ಶೇ 65, ಅಂದರೆ 7,800 ಕಿಲೊ. ಆ ಹಸಿ ದ್ರಾಕ್ಷಿಯ ತೂಕಕ್ಕೆ ಶೇ 40ರಷ್ಟು ಮಾತ್ರ ವೈನ್ ತೆಗೆಯಬಹುದು: 3,120 ಲೀಟರ್. 750 ಮಿಲಿಯ ಬಾಟಲಿಗೆ ಹಾಕಿದರೆ 4,160. ಎಕರೆ ಲೆಕ್ಕದಲ್ಲಿ ಸುಮಾರು 1,680 ಬಾಟಲಿ.

ಇನ್ನೊಂದು ಕಡೆಯಿಂದ ನೋಡಿ. ಒಂದು ಬಾಟಲಿ ಅಮರೋನೆಗೆ 1.9 ಕಿಲೊಗೆ ಸ್ವಲ್ಪವೇ ಕಡಿಮೆ ಹಸಿ ದ್ರಾಕ್ಷಿ ಬೇಕು. ಸಾಮಾನ್ಯ ಕೆಂಪು ವೈನಿಗೆ ಒಂದು ಕಿಲೊ ಚಿಲ್ಲರೆ ಸಾಕು. ಮಾರುಕಟ್ಟೆಯಲ್ಲಿ ದಾಸ್ತಾನು ಹೆಚ್ಚಾದ ವರ್ಷಗಳಲ್ಲಿ ಬೆಳೆಗಾರರ ಒಕ್ಕೂಟದ ಕೋರಿಕೆಯ ಮೇಲೆ ಪ್ರಾಂತ್ಯ ಸರ್ಕಾರ ಈ ಶೇ 65 ಅನ್ನು ಇನ್ನೂ ಕೆಳಗಿಳಿಸುತ್ತದೆ. ಉಳಿದ ದ್ರಾಕ್ಷಿ ವ್ಯರ್ಥವಲ್ಲ, ಮಾಮೂಲಿ ವಾಲ್ಪೊಲಿಚೆಲ್ಲಾ ವೈನಿಗೆ ಹೋಗುತ್ತದೆ.

ಆರಿಸುವುದು, ಒಣಗಿಸುವುದು ಹೇಗೆ? ಹಂತಹಂತವಾಗಿ ಹೇಳಿ.

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಕೈಯಿಂದಲೇ ಕೊಯ್ಲು. ಯಂತ್ರ ಕೊಯ್ದರೆ ಕಾಯಿ ತೊಟ್ಟು ಬಿಟ್ಟು ಉದುರುತ್ತದೆ, ಉದುರಿದ ಕಡೆ ರಸ ಒಸರುತ್ತದೆ, ಒಸರಿದ ಕಡೆ ಬೂಷ್ಟು. ಎಲ್ಲ ಗೊಂಚಲೂ ಅಟ್ಟಕ್ಕೆ ಹೋಗುವುದಿಲ್ಲ. ಬೇಕಾದದ್ದು ಸಡಿಲ ಗೊಂಚಲು: ಕೈಲಿ ಹಿಡಿದು ಬೆಳಕಿಗೆ ಎತ್ತಿದರೆ ಕಾಯಿಗಳ ನಡುವೆ ಬೆಳಕು ಕಾಣಬೇಕು. ಒತ್ತೊತ್ತಾಗಿ ಕಾಯಿ ಕಟ್ಟಿದ ಗೊಂಚಲಿನ ಒಳಗೆ ಗಾಳಿ ಹೋಗುವುದಿಲ್ಲ. ಒಡೆದ ಕಾಯಿ, ಹಕ್ಕಿ ಕುಕ್ಕಿದ ಕಾಯಿ, ಆಲಿಕಲ್ಲು ಬಡಿದ ಕಾಯಿ ಇದ್ದರೆ ಕತ್ತರಿಯಿಂದ ಅಲ್ಲೇ ತೆಗೆಯಬೇಕು.

ಆಮೇಲೆ ಕ್ರೇಟಿನಲ್ಲಿ ಒಂದೇ ಪದರ, ಸುಮಾರು ಆರು ಕಿಲೊ. ಒಂದರ ಮೇಲೊಂದು ಗೊಂಚಲು ಹಾಕಿದರೆ ಕೆಳಗಿನದು ಹೋಯಿತು ಅಂತಲೇ ಲೆಕ್ಕ. ಮೇಲಿನ 7,800 ಕಿಲೊ ಲೆಕ್ಕಕ್ಕೆ ಹೆಕ್ಟೇರಿಗೆ 1,300 ಕ್ರೇಟ್ ಆಯಿತು. ಅಷ್ಟನ್ನೂ ಜೋಡಿಸಿ, ನಡುವೆ ಓಡಾಡಲು ಜಾಗ ಬಿಟ್ಟು, ಚಳಿಗಾಲವಿಡೀ ಒಂದೊಂದನ್ನೂ ನೋಡುತ್ತಿರಬೇಕು.

ಒಣಗಿಸುವ ಅಟ್ಟಕ್ಕೆ ಅಲ್ಲಿ 'ಫ್ರುತ್ತಾಯೊ' ಅನ್ನುತ್ತಾರೆ. ಗುಡ್ಡದ ಗಾಳಿ ಹಾಯುವ ದಿಕ್ಕಿಗೆ ಕಿಟಕಿಗಳು. ಹಿಂದೆ ಕ್ರೇಟಿನ ಬದಲು 'ಆರೆಲೆ' ಎಂಬ ಬಿದಿರು ತಟ್ಟಿಗಳನ್ನು ಅಂತಸ್ತು ಅಂತಸ್ತಾಗಿ ಕಟ್ಟುತ್ತಿದ್ದರು. ಅದೇ ತಟ್ಟಿಗಳ ಮೇಲೆ ರೇಷ್ಮೆ ಹುಳುವನ್ನೂ ಸಾಕುತ್ತಿದ್ದರು. ರಾಮನಗರದ ಕಡೆ ಹುಳುಮನೆಯ ತಟ್ಟೆ, ಚಂದ್ರಿಕೆ ನೋಡಿದವರಿಗೆ ಆ ಅಟ್ಟದ ಅಂದಾಜು ಕೂಡಲೇ ಸಿಗುತ್ತದೆ. ಬಿದಿರು ನೋಡಲು ಚೆಂದ, ಆದರೆ ತೊಳೆಯಲು ಕಷ್ಟ, ಸೀಳುಗಳಲ್ಲಿ ಬೂಷ್ಟಿನ ಬೀಜ ಉಳಿಯುತ್ತದೆ. ಈಗ ಹೆಚ್ಚಿನವರು ತೊಳೆಯಬಹುದಾದ ಪ್ಲಾಸ್ಟಿಕ್ ಕ್ರೇಟಿಗೆ ಬಂದಿದ್ದಾರೆ. ಪ್ರವಾಸಿಗರಿಗೆ ಬೇಸರ, ದ್ರಾಕ್ಷಿಗೆ ಒಳ್ಳೆಯದು.

ಅವಧಿ ಸುಮಾರು 100ರಿಂದ 120 ದಿನ. ಡಿಸೆಂಬರ್ 1ಕ್ಕೆ ಮುಂಚೆ ಜಜ್ಜುವಂತಿಲ್ಲ, ಹವೆ ತೀರಾ ವಿಚಿತ್ರವಾದ ವರ್ಷ ಪ್ರಾಂತ್ಯ ಸರ್ಕಾರ ಬೇರೆ ಅನುಮತಿ ಕೊಟ್ಟರೆ ಮಾತ್ರ ವಿನಾಯಿತಿ. ಬಹಳಷ್ಟು ಮಂದಿ ಜನವರಿಯವರೆಗೆ ಕಾಯುತ್ತಾರೆ.

ವಿಜಯಪುರದಲ್ಲಿ ಎರಡು ಮೂರು ವಾರದಲ್ಲೇ ಒಣದ್ರಾಕ್ಷಿ ಆಗುತ್ತದಲ್ಲ? ಇಲ್ಲಿ ನಾಲ್ಕು ತಿಂಗಳು ಯಾಕೆ?

ಒಳ್ಳೆಯ ಪ್ರಶ್ನೆ. ವಿಜಯಪುರದಲ್ಲಿ ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಸಿಪ್ಪೆಯ ಮೇಣ ಸಡಿಲಿಸುತ್ತಾರೆ. ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹರಡಿದರೆ ಬೇಸಿಗೆಯ ಒಣಗಾಳಿ ನೀರನ್ನು ಎಳೆದುಬಿಡುತ್ತದೆ. ಅಲ್ಲಿ ಬೇಕಾದದ್ದು ನೀರು ಹೋಗುವುದು, ಬಣ್ಣ ಉಳಿಯುವುದು.

ಅಮರೋನೆಗೆ ಏನನ್ನೂ ಅದ್ದುವುದಿಲ್ಲ, ಬಿಸಿ ಗಾಳಿಯನ್ನೂ ಬಿಡುವುದಿಲ್ಲ. ಇಲ್ಲಿ ದ್ರಾಕ್ಷಿ ಕಿತ್ತ ಮೇಲೂ ಜೀವಂತವಾಗಿರಬೇಕು. ಚಳಿಯಲ್ಲಿ ನಿಧಾನ ಉಸಿರಾಡುತ್ತಾ ತನ್ನ ಹುಳಿಯಾದ ಮ್ಯಾಲಿಕ್ ಆಮ್ಲವನ್ನು ತಾನೇ ಖರ್ಚು ಮಾಡುತ್ತದೆ, ಸಿಪ್ಪೆಯಲ್ಲಿ ಹೊಸ ಪರಿಮಳದ ವಸ್ತುಗಳು ಹುಟ್ಟುತ್ತವೆ. ಬೇಗ ಒಣಗಿಸಿದರೆ ಸಕ್ಕರೆ ಗಟ್ಟಿಯಾಗುತ್ತದೆ ಅಷ್ಟೆ, ಈ ಒಳಗಿನ ಬದಲಾವಣೆ ನಡೆಯುವುದಿಲ್ಲ. ಅಂಥ ವೈನ್ ಜಾಮಿನ ನೀರಿನಂತಿರುತ್ತದೆ. ಪೂರ್ತಿ ಒಣದ್ರಾಕ್ಷಿ ಆಗುವವರೆಗೂ ಬಿಡುವುದಿಲ್ಲ, ತೂಕ ಮೂರನೇ ಒಂದು ಭಾಗದಿಂದ ಶೇ 40ರವರೆಗೆ ಇಳಿದರೆ ಸಾಕು.

ಸಿದ್ಧವಾದ ಗೊಂಚಲಿನ ಗುರುತು: ಕಾಂಡ ಕಂದಾಗಿ ಸೌದೆ ಕಡ್ಡಿಯಂತೆ ಲಟಕ್ಕನೆ ಮುರಿಯುತ್ತದೆ, ಕಾಯಿ ಸುಕ್ಕಾಗಿದ್ದರೂ ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಗ್ಗುತ್ತದೆ, ಒಳಗಿನ ತಿರುಳು ಜೇನಿನಂತೆ ಬೆರಳಿಗೆ ಅಂಟುತ್ತದೆ.

ಹಾಗಾದರೆ ಅಟ್ಟದಲ್ಲಿ ಫ್ಯಾನ್, ಎಸಿ ಹಾಕುವುದು ಮೋಸವಾ?

ಅಲ್ಲ. ಸಾಂಪ್ರದಾಯಿಕವಾಗಿ ಒಣಗಿಸುವಾಗ ಇರುವಷ್ಟೇ ಉಷ್ಣತೆಯಲ್ಲಿ ನಡೆಯುವ ಹವಾ ನಿಯಂತ್ರಣಕ್ಕೆ ನಿಯಮದಲ್ಲಿ ಅನುಮತಿ ಇದೆ. ನಿಷೇಧ ಇರುವುದು ಶಾಖ ಕೊಟ್ಟು ತೇವ ಎಳೆಯುವ ಯಂತ್ರಗಳಿಗೆ.

ನಮ್ಮ ಅಭಿಪ್ರಾಯ ಕೇಳಿದರೆ, ಫ್ಯಾನ್ ಇಲ್ಲದ ಅಟ್ಟದ ಮೇಲಿನ ಮೋಹ ಬಿಡುವುದೇ ಲೇಸು. ಮೊದಲ ಎರಡು ಮೂರು ವಾರ ಅತಿ ಅಪಾಯದ ಕಾಲ. ಕಾಯಿ ತುಂಬ ನೀರಿರುತ್ತದೆ, ಹೊರಗೆ ಶರತ್ಕಾಲದ ಮಂಜು, ತೇವ ಶೇ 80 ದಾಟಿ ನಾಲ್ಕು ದಿನ ನಿಂತರೆ ಬೂದು ಬೂಷ್ಟು ಕ್ರೇಟಿನಿಂದ ಕ್ರೇಟಿಗೆ ಹರಡುತ್ತದೆ. ಈ ಬೂಷ್ಟಿನ ಕಿಣ್ವ ಬಣ್ಣವನ್ನು ಕಂದಾಗಿಸುತ್ತದೆ, ಪರಿಮಳವನ್ನು ನುಂಗುತ್ತದೆ. ಕೆಲವು ಹಳಬರು ಚೂರು ಬೂಷ್ಟು ಇದ್ದರೆ ವೈನಿಗೆ ಮೃದುತ್ವ ಬರುತ್ತದೆ ಎನ್ನುತ್ತಾರೆ. ಆ ಬೂಷ್ಟಿನಿಂದ ಗ್ಲಿಸರಾಲ್ ಎಂಬ ನುಣುಪಾದ ಮಂದ ದ್ರವ ಹೆಚ್ಚುವುದು ನಿಜ, ಆದರೆ ಚೂರು ಎಲ್ಲಿ ನಿಲ್ಲುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಹುದುಗುವಿಕೆಯಲ್ಲಿ ಏನು ಕಷ್ಟ? ಸಕ್ಕರೆ ಹೆಚ್ಚಿದ್ದರೆ ಸುಲಭವಲ್ಲವೇ?

ತಿರುಗುಮುರುಗು. ಹಸಿ ರಸದಲ್ಲಿ ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದರೆ, ತೂಕ ಮೂರನೇ ಒಂದು ಭಾಗ ಇಳಿದಾಗ ಅದು 300ರ ಹತ್ತಿರ. ಶೇ 1 ಆಲ್ಕೋಹಾಲಿಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು, ಅಂದರೆ ಶೇ 16 ತಲುಪಲು 272 ಗ್ರಾಂ ಖರ್ಚಾಗಬೇಕು. ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ: ಯೀಸ್ಟಿನ ಮೈಯ ನೀರನ್ನು ಹೊರಗೆ ಎಳೆಯುತ್ತದೆ. ಉಳಿಯಲು ಯೀಸ್ಟ್ ಗ್ಲಿಸರಾಲ್ ಮಾಡಿಕೊಳ್ಳುತ್ತದೆ, ಜೊತೆಗೆ ಅಸಿಟಿಕ್ ಆಮ್ಲವೂ ಹುಟ್ಟುತ್ತದೆ. ಕೆಲವು ಬಾಟಲಿಗಳಲ್ಲಿ ಮೂಗಿಗೆ ಬಡಿಯುವ ವಿನಿಗರ್ ವಾಸನೆಯ ಒಂದು ಮೂಲ ಇದು.

ಇನ್ನೊಂದು, ಕಾಲ ಜನವರಿ. ಕೊಠಡಿ ತಣ್ಣಗೆ, ದ್ರಾಕ್ಷಿಯೂ ತಣ್ಣಗೆ, ಶುರುವಾಗಲಿಕ್ಕೇ ದಿನಗಟ್ಟಲೆ. ಒಟ್ಟು 30ರಿಂದ 50 ದಿನ ಹಿಡಿಯುವುದು ಮಾಮೂಲು. ಮೇಲೆ ತೇಲುವ ಸಿಪ್ಪೆಯ ಪದರವನ್ನು ದಿನವೂ ಕೆಳಗೆ ಒತ್ತಿ ನೆನೆಸಬೇಕು. ಆಲ್ಕೋಹಾಲ್ ಶೇ 14-15 ಮುಟ್ಟಿದಾಗ ಬಹಳಷ್ಟು ಯೀಸ್ಟ್ ಸುಸ್ತಾಗಿ ಕೂರುತ್ತದೆ. ಇನ್ನೂ 20-30 ಗ್ರಾಂ ಸಕ್ಕರೆ ಉಳಿದಿರುವಾಗ ನಿಂತರೆ ಬ್ಯಾಕ್ಟೀರಿಯಾ ಆ ಸಕ್ಕರೆಗೆ ಕೈ ಹಾಕುತ್ತದೆ, ವೈನ್ ಹುಳಿಯತ್ತ ತಿರುಗುತ್ತದೆ. ಉಪಾಯಗಳು ಹೊಸವಲ್ಲ: ಹೆಚ್ಚು ಆಲ್ಕೋಹಾಲ್ ತಡೆಯುವ ಯೀಸ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎಬ್ಬಿಸಿ, ಅದಕ್ಕೆ ಸ್ವಲ್ಪ ಸ್ವಲ್ಪವೇ ರಸ ಸೇರಿಸುತ್ತಾ ಪಳಗಿಸುವುದು, ಸಾರಜನಕದ ಪೋಷಕ ಕೊಡುವುದು, ಕೊನೆಯ ಹಂತದಲ್ಲಿ ತೊಟ್ಟಿ ತಣ್ಣಗಾಗಲು ಬಿಡದಿರುವುದು. ತಣ್ಣನೆಯ ತೊಟ್ಟಿಗೆ ಬಿಸಿ ಯೀಸ್ಟ್ ಒಮ್ಮೆಗೇ ಸುರಿದರೆ ಆ ಆಘಾತಕ್ಕೇ ಅರ್ಧ ಸಾಯುತ್ತದೆ.

ಸಿಹಿಯಿಲ್ಲ ಅಂತೀರಿ, ಬಾಯಿಗೆ ಸಿಹಿ ಅನಿಸುತ್ತದಲ್ಲ?

ಆಲ್ಕೋಹಾಲ್ ಮತ್ತು ಗ್ಲಿಸರಾಲ್ ಎರಡಕ್ಕೂ ತೆಳು ಸಿಹಿ ಇದೆ, ಜೊತೆಗೆ ಒಣ ಅಂಜೂರ, ಚೆರ್ರಿಯ ಪರಿಮಳ ಮೂಗನ್ನು ಮೋಸಗೊಳಿಸುತ್ತದೆ. ಕೆಲವು ಗ್ರಾಂ ನಿಜವಾದ ಸಕ್ಕರೆಯೂ ಉಳಿದಿರುತ್ತದೆ. ಅದಕ್ಕೆ ನಿಯಮದಲ್ಲಿ ಮಿತಿ ಇದೆ, ಆಲ್ಕೋಹಾಲ್ ಏರಿದಂತೆ ಆ ಮಿತಿಯೂ ಸ್ವಲ್ಪ ಏರುತ್ತದೆ. ಮೊದಲ ಗುಟುಕಿಗೆ ಮುದ ಕೊಡಲೆಂದೇ ಮಿತಿಯ ಅಂಚಿನವರೆಗೆ ಸಕ್ಕರೆ ಬಿಡುವವರಿದ್ದಾರೆ. ಎರಡನೇ ಲೋಟಕ್ಕೆ ಬಾಯಿ ಕಟ್ಟುತ್ತದೆ.

ಎಷ್ಟು ವರ್ಷ ಹಳತಾಗಬೇಕು? 'ರಿಸೇರ್ವಾ' ಎಂದರೆ?

ಸಾಮಾನ್ಯ ಅಮರೋನೆಗೆ ಕೊಯ್ಲಿನ ಮುಂದಿನ ಜನವರಿ 1ರಿಂದ ಎರಡು ವರ್ಷ. ರಿಸೇರ್ವಾಗೆ ಕೊಯ್ಲಿನ ವರ್ಷದ ನವೆಂಬರ್ 1ರಿಂದ ನಾಲ್ಕು ವರ್ಷ. 2021ರ ಫಸಲು ತೆಗೆದುಕೊಂಡರೆ ಮೊದಲನೆಯದು 2024ರ ಆರಂಭಕ್ಕೆ, ರಿಸೇರ್ವಾ 2025ರ ನವೆಂಬರಿಗೆ ಸಿದ್ಧ. ಪೀಪಾಯಿಯ ಗಾತ್ರ ಮಾಡುವವರ ಇಷ್ಟ. ಸಾವಿರಾರು ಲೀಟರಿನ ಹಳೆಯ ದೊಡ್ಡ ಪೀಪಾಯಿ ಹಣ್ಣಿನ ಗುಣ ಉಳಿಸುತ್ತದೆ. 225 ಲೀಟರಿನ ಹೊಸ ಓಕ್ ಪೀಪಾಯಿ ವೆನಿಲ್ಲಾ, ಹೊಗೆ ಸೇರಿಸುತ್ತದೆ, ಅತಿಯಾದರೆ ಅಟ್ಟದಲ್ಲಿ ನಾಲ್ಕು ತಿಂಗಳು ಗಳಿಸಿದ್ದನ್ನು ಮರದ ವಾಸನೆ ಮುಚ್ಚಿಹಾಕುತ್ತದೆ.

ರಿಪಾಸ್ಸೊ ಅಂದರೆ ಅಗ್ಗದ ಅಮರೋನೆಯಾ?

ಹಾಗೆ ಮಾರುತ್ತಾರೆ, ಆದರೆ ಮಾಡುವ ವಿಧಾನವೇ ಬೇರೆ. ಅಮರೋನೆ ಅಥವಾ ರೆಚೋತೊ ಇಳಿಸಿದ ಮೇಲೆ ತೊಟ್ಟಿಯಲ್ಲಿ ಉಳಿದ ಹಿಪ್ಪೆಯ ಮೇಲೆ ಮಾಮೂಲಿ ವಾಲ್ಪೊಲಿಚೆಲ್ಲಾ ವೈನ್ ಸುರಿದು ಮತ್ತೆ ಹುದುಗಿಸಿದರೆ ರಿಪಾಸ್ಸೊ. ಒಂದೇ ಸೊಪ್ಪಿಗೆ ಎರಡನೇ ಸಲ ನೀರು ಹಾಕಿ ಚಹಾ ಕುದಿಸಿದಂತೆ ಎಂದು ಗೇಲಿ ಮಾಡಬೇಡಿ. ಹಿಪ್ಪೆಯಲ್ಲಿ ಸಕ್ಕರೆ, ಬಣ್ಣ, ಒಗರು ಸಾಕಷ್ಟು ಉಳಿದಿರುತ್ತದೆ. ಆದರೆ ಅಳತೆ ಇದೆ: ಆ ಹಿಪ್ಪೆ ಕೊಟ್ಟ ಅಮರೋನೆಯ ಎರಡು ಪಟ್ಟಿಗಿಂತ ಹೆಚ್ಚು ರಿಪಾಸ್ಸೊ ಮಾಡುವಂತಿಲ್ಲ. ಹಿಪ್ಪೆಯನ್ನು ಗಟ್ಟಿಯಾಗಿ ಹಿಂಡಿಬಿಟ್ಟರೆ ರಿಪಾಸ್ಸೊಗೆ ಉಳಿಯುವುದು ಬೀಜದ ಕಹಿ ಮಾತ್ರ.

ಲೇಬಲ್ ಮೇಲೆ ಏನು ನೋಡಬೇಕು?

'ಅಮರೋನೆ ದೆಲ್ಲಾ ವಾಲ್ಪೊಲಿಚೆಲ್ಲಾ' ಎಂಬ ಪೂರ್ತಿ ಹೆಸರು, ಡಿಒಸಿಜಿ, ಕೊಯ್ಲಿನ ವರ್ಷ, ಕುತ್ತಿಗೆಯ ಮೇಲೆ ಸಂಖ್ಯೆಯಿರುವ ಸರ್ಕಾರಿ ಪಟ್ಟಿ. ಬರೀ 'ಅಪ್ಪಾಸ್ಸಿಮೆಂತೊ' ಎಂದು ದೊಡ್ಡ ಅಕ್ಷರದಲ್ಲಿದ್ದರೆ ದ್ರಾಕ್ಷಿಯನ್ನು ಸ್ವಲ್ಪ ಬಾಡಿಸಿದ್ದಾರೆ ಎಂದಷ್ಟೇ ಅರ್ಥ. ಅದು ಇಟಲಿಯ ದಕ್ಷಿಣದ ಪುಲ್ಯಾದಿಂದಲೂ ಬಂದಿರಬಹುದು. ಅದು ಕೆಟ್ಟ ವೈನ್ ಅಂತಲ್ಲ, ಅಮರೋನೆಯ ಬೆಲೆ ಕೊಡಬೇಡಿ ಅಷ್ಟೆ.

ಹೇಗೆ ಕುಡಿಯಬೇಕು, ಏನು ಜೊತೆ?

16ರಿಂದ 18 ಡಿಗ್ರಿ. 'ಕೋಣೆಯ ಉಷ್ಣತೆ' ಎಂಬ ಮಾತು ಯುರೋಪಿನ ತಣ್ಣನೆಯ ಕೋಣೆಗೆ ಹೇಳಿದ್ದು. ಬೆಂಗಳೂರಿನ ಏಪ್ರಿಲ್ಲಿನಲ್ಲಿ ಹಾಗೇ ಸುರಿದರೆ ಆಲ್ಕೋಹಾಲ್ ಮೂಗು ಸುಡುತ್ತದೆ, ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ತೆರೆದು ಒಂದು ಗಂಟೆ ಅಗಲ ಬಾಯಿಯ ಹೂಜಿಯಲ್ಲಿ ಬಿಟ್ಟರೆ ಅರಳುತ್ತದೆ. ವೆರೋನಾದವರು ಇದೇ ವೈನಿನಲ್ಲಿ ಬೇಯಿಸಿದ ರಿಸೊತ್ತೊ ಎಂಬ ಅನ್ನ, ನಿಧಾನ ಬೆಂದ ಮಾಂಸ, ಹಳೆಯ ಮೊಂತೆ ವೆರೊನೇಸೆ ಚೀಸ್ ಜೊತೆ ಕುಡಿಯುತ್ತಾರೆ. ಖಾರದ ಸಾರಿನ ಜೊತೆ ಬೇಡ, ಆಲ್ಕೋಹಾಲ್ ಖಾರವನ್ನು ಇಮ್ಮಡಿ ಮಾಡುತ್ತದೆ.

ಬಾಟಲಿ ಎಷ್ಟು ವರ್ಷ ಇಡಬಹುದು? ತೆರೆದ ಮೇಲೆ?

ಒಳ್ಳೆಯ ವರ್ಷದ್ದಾದರೆ ಹತ್ತು, ಇಪ್ಪತ್ತು ವರ್ಷ ಆರಾಮ. ಶರತ್ತು 12ರಿಂದ 15 ಡಿಗ್ರಿ, ಕತ್ತಲು, ಮಲಗಿಸಿಟ್ಟ ಬಾಟಲಿ. ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಎರಡು ಬೇಸಿಗೆ ಕಳೆದ ಬಾಟಲಿಯಿಂದ ಏನನ್ನೂ ನಿರೀಕ್ಷಿಸಬೇಡಿ. ಸರಿಯಾದ ಜಾಗ ಇಲ್ಲದಿದ್ದರೆ ತಂದ ವರ್ಷವೇ ಕುಡಿದು ಮುಗಿಸುವುದು ವಾಸಿ. ತಳದಲ್ಲಿ ಗಸಿ ಕಂಡರೆ ಹೆದರಬೇಡಿ, ಒಂದು ದಿನ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಬಗ್ಗಿಸಿ. ತೆರೆದದ್ದು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ, ಎರಡನೇ ದಿನ ಮೊದಲ ದಿನಕ್ಕಿಂತ ಚೆನ್ನಾಗಿರುವುದೂ ಉಂಟು.